ಗೊಡೊ 4 ರಿವ್ಯೂ: ಇಂಜಿನ್ ಪೂರ್ತಿ ಓಪನ್, ನಿಮ್ ಗೇಮ್ ಓಪನ್ ಆಗೋದು ಮಾತ್ರ ನಿಮ್ ಕೈಲಿ

ಗೊಡೊ ಒಂದು ಗೇಮ್ ಇಂಜಿನ್, ಅಂದ್ರೆ ಗೇಮ್ ಕಟ್ಟೋಕೆ ಬಳಸೋ ಸಾಫ್ಟ್‌ವೇರ್. ಅದ್ರ ಬಗ್ಗೆ ಬರೋ ರಿವ್ಯೂ ಎಲ್ಲಾ ಸುಮಾರಾಗಿ ಒಂದೇ ಥರ ಇರತ್ವೆ, ಲೈಟಿಂಗ್ ಹೆಂಗಿದೆ, ಬೇರೆ ಇಂಜಿನ್‌ಗಳಾದ ಯೂನಿಟಿಗಿಂತ ಸಲೀಸಾ, ಅನ್‌ರಿಯಲ್ ಮುಂದೆ ನಿಲ್ಲತ್ತಾ ಅಂತ. ನಾನು ಬೇರೆ ಕಡೆಯಿಂದ ನೋಡ್ತೀನಿ. ಗೇಮ್ ಮಾಡೋದು ನಾನು ಕಲ್ತಿದ್ದೇ ಮಾಡಿಂಗ್‌ನಿಂದ, ಅಂದ್ರೆ ಬೇರೆಯವ್ರ ಗೇಮ್ ಬಿಚ್ಚಿ, ಫೈಲ್‌ಗಳ ಒಳಗೆ ಇಣುಕಿ, ಯಾವ್ದೋ ಒಂದು ನಂಬರ್ ಬದಲಾಯಿಸಿ ಏನಾಗತ್ತೆ ನೋಡಿ, ಹಂಗೇ. ಹಂಗೆ ತಿದ್ದಿದ್ದಕ್ಕೆ ‘ಮಾಡ್’ (mod) ಅಂತಾರೆ, ತಿದ್ದೋರು ಮಾಡರ್‌ಗಳು. ಹಾಗಾಗಿ ಯಾವ ಇಂಜಿನ್ ಕೈಗೆ ಸಿಕ್ರೂ ನಾನು ಕೇಳೋದು ಇಷ್ಟೇ: ಇದನ್ನ ನಾನು ಬಿಚ್ಚಿ ನೋಡ್ಬೋದಾ, ಮತ್ತೆ ಇದ್ರಲ್ಲಿ ನಾನು ಮಾಡಿದ ಗೇಮನ್ನ ಇನ್ನೊಬ್ರು ಬಿಚ್ಚಿ ನೋಡ್ಬೋದಾ. ಮೊದಲ್ನೇದಕ್ಕೆ ಗೊಡೊ ಕೊಡೋ ಉತ್ರ ಇವತ್ತಿರೋ ದೊಡ್ಡ ಇಂಜಿನ್‌ಗಳಲ್ಲೇ ಬೆಸ್ಟ್. ಎರಡನೇದಕ್ಕೆ ಸಿಗೋದು ಅರ್ಧ ಉತ್ರ, ಆ ಉಳಿದರ್ಧದ ಬಗ್ಗೆ ಯಾರೂ ಸರಿಯಾಗಿ ಮಾತಾಡ್ತಿಲ್ಲ, ಅದಕ್ಕೇ ಇದನ್ನ ಬರೀತಿದೀನಿ.

ಮೊದ್ಲು ಒಳ್ಳೇದು. ಡೌನ್‌ಲೋಡ್ ಮಾಡಿದ್ರೆ ಸಿಗೋದು ಒಂದು ಚಿಕ್ಕ ಜಿಪ್, ಬಿಚ್ಚಿದ್ರೆ ಒಳಗೆ ಎಡಿಟರ್ ಇರತ್ತೆ, ಡಬಲ್ ಕ್ಲಿಕ್ ಮಾಡಿದ್ರೆ ಓಪನ್ ಆಗತ್ತೆ. ಇನ್‌ಸ್ಟಾಲರ್ ಇಲ್ಲ, ಅಕೌಂಟ್ ಮಾಡಿ ಲಾಗಿನ್ ಆಗಿ ಅನ್ನೋದಿಲ್ಲ, ಲೈಸೆನ್ಸ್ ಕೀ ಇಲ್ಲ, ನಿಮ್ ಗೇಮ್ ಎಷ್ಟು ಮಾರಾಟ ಆಯ್ತು ಅಂತ ಯಾರೂ ಕೇಳಲ್ಲ. ಹುವಾನ್ ಲಿನಿಯೆಟ್‌ಸ್ಕಿ ಮತ್ತೆ ಏರಿಯಲ್ ಮಂಜೂರ್ ಅಂತ ಅರ್ಜೆಂಟೀನಾದ ಇಬ್ರು ತಮ್ಮ ಕೆಲಸಕ್ಕೆ ಅಂತ ಕಟ್ಕೊಂಡಿದ್ದ ಇಂಜಿನ್ ಇದು, 2014ರಲ್ಲಿ ಎಂಐಟಿ ಲೈಸೆನ್ಸ್ (ಕೋಡ್ ತಗೊಂಡು ಹೆಂಗೆ ಬೇಕಾದ್ರೂ ಬಳಸಿ ಅನ್ನೋ ಥರದ ಪರವಾನಗಿ) ಕೊಟ್ಟು ಓಪನ್ ಸೋರ್ಸ್ ಮಾಡಿದ್ರು, ಅಂದ್ರೆ ಒಳಗಿನ ಕೋಡ್ ಎಲ್ರಿಗೂ ಬಿಟ್ಟುಕೊಟ್ರು. 4.0 ಬಂದಿದ್ದು 2023ರ ಮಾರ್ಚ್‌ನಲ್ಲಿ, ಆಮೇಲೆ ಕೆಲವು ತಿಂಗ್ಳಿಗೊಂದು ವರ್ಷನ್ ಬರ್ತಾನೇ ಇದೆ.

ಒಳಗಡೆ ಎಲ್ಲಾನೂ ‘ನೋಡ್’ (node), ಅಂದ್ರೆ ಗೇಮ್ ಕಟ್ಟೋ ಒಂದೊಂದು ತುಂಡು. ಆಟಗಾರ ಒಂದು ನೋಡ್, ಅವನ ಚಿತ್ರ ಒಂದು ನೋಡ್, ಡಿಕ್ಕಿ ಹೊಡೆಯೋ ಆಕಾರ ಇನ್ನೊಂದು ನೋಡ್, ಇವನ್ನೆಲ್ಲಾ ಮರದ ಥರ ಜೋಡಿಸಿ ಸೇವ್ ಮಾಡಿದ್ರೆ ಅದೊಂದು ಸೀನ್, ಆ ಸೀನನ್ನ ಎತ್ಕೊಂಡು ಹೋಗಿ ಇನ್ನೊಂದು ಸೀನ್ ಒಳಗೆ ಇಡ್ಬೋದು, ಅಷ್ಟೇ ಕಥೆ. ಒಂದು ನೋಡ್ ಇನ್ನೊಂದಕ್ಕೆ ವಿಷಯ ಮುಟ್ಟಿಸ್ಬೇಕಂದ್ರೆ ಸಿಗ್ನಲ್ ಕಳ್ಸತ್ತೆ. ಕೋಡ್ ಬರೆಯೋಕೆ ಗೊಡೊದ ಸ್ವಂತ ಭಾಷೆ ಜಿಡಿಸ್ಕ್ರಿಪ್ಟ್ ಇದೆ, ನೋಡೋದಕ್ಕೆ ಪೈಥಾನ್ ಥರ, ಬೇಡ ಅಂದ್ರೆ ಸಿ ಶಾರ್ಪ್ ಇದೆ, ಇನ್ನೂ ಸ್ಪೀಡ್ ಬೇಕಂದ್ರೆ ಜಿಡಿಎಕ್ಸ್‌ಟೆನ್ಶನ್ ಮೂಲಕ ಸಿ ಪ್ಲಸ್ ಪ್ಲಸ್ ಸೇರಿಸ್ಬೋದು. ಇದೆಲ್ಲಾ ಯಾವ ರಿವ್ಯೂನಲ್ಲಾದ್ರೂ ಸಿಗತ್ತೆ.

ಮಾಡಿಂಗ್ ಅಭ್ಯಾಸ ಇರೋರಿಗೆ ಖುಷಿ ಕೊಡೋದು ಬೇರೆ ವಿಷಯ. ಸೀನ್ ಫೈಲ್‌ಗಳನ್ನ ಗೊಡೊ ಮಾಮೂಲಿ ಟೆಕ್ಸ್ಟ್ ಆಗಿ ಉಳಿಸತ್ತೆ, ನೋಟ್‌ಪ್ಯಾಡ್‌ನಲ್ಲಿ ತೆಗೆದ್ರೆ ಓದ್ಬೋದು, ಯಾವ ನೋಡ್ ಎಲ್ಲಿದೆ, ಅದ್ರ ವೇಗ ಎಷ್ಟು, ಬಣ್ಣ ಏನು ಎಲ್ಲಾ ಸಾಲುಸಾಲಾಗಿ ಕಾಣತ್ತೆ, ಗಿಟ್‌ಗೆ ಹಾಕಿದ್ರೆ ನಿನ್ನೆಗೂ ಇವತ್ತಿಗೂ ಏನು ಬದಲಾಯ್ತು ಅಂತ ಗೊತ್ತಾಗತ್ತೆ. ಗೇಮ್ ಓಡ್ತಾ ಇರೋವಾಗ್ಲೇ ಎಡಿಟರ್‌ನಲ್ಲಿ ರಿಮೋಟ್ ಟ್ಯಾಬ್ ತೆಗೆದು ಒಳಗಿರೋ ಮರ ಪೂರ್ತಿ ನೋಡ್ಬೋದು, ಅಲ್ಲೇ ಯಾವ್ದಾದ್ರೂ ನಂಬರ್ ಬದಲಾಯಿಸಿದ್ರೆ ಗೇಮ್‌ನಲ್ಲಿ ತಕ್ಷಣ ಬದಲಾಗತ್ತೆ. ಇನ್ನೊಂದು, ಎಡಿಟರ್ ಅನ್ನೋದೇ ಗೊಡೊದಲ್ಲಿ ಮಾಡಿರೋ ಒಂದು ಪ್ರೋಗ್ರಾಂ. ಅದ್ರ ಬಟನ್ನು, ಪ್ಯಾನೆಲ್ಲು ಎಲ್ಲಾ ನಿಮ್ ಗೇಮ್‌ಗೆ ಸಿಗೋ ಅದೇ ನೋಡ್‌ಗಳು. ಸ್ಕ್ರಿಪ್ಟ್ ಮೇಲ್ಗಡೆ ಟೂಲ್ ಅಂತ ಒಂದು ಸಾಲು ಹಾಕಿದ್ರೆ ನಿಮ್ ಕೋಡ್ ಎಡಿಟರ್ ಒಳಗೇ ಓಡತ್ತೆ, ಅಂದ್ರೆ ನಿಮ್ಗೆ ಬೇಕಾದ ಲೆವೆಲ್ ಎಡಿಟರನ್ನ, ಡೈಲಾಗ್ ಎಡಿಟರನ್ನ ನೀವೇ ಅದ್ರಲ್ಲಿ ಕಟ್ಕೋಬೋದು. ಸ್ವಂತ ಇಂಜಿನ್ನನ್ನೇ ಮಾಡ್ ಮಾಡೋಕೆ ಬಿಡೋ ಇಂಜಿನ್ ಇದು. ಅದೂ ಸಾಲ್ದು ಅಂದ್ರೆ ಪೂರ್ತಿ ಸಿ ಪ್ಲಸ್ ಪ್ಲಸ್ ಸೋರ್ಸ್ ಗಿಟ್‌ಹಬ್‌ನಲ್ಲಿದೆ, ಸ್ಕಾನ್ಸ್ ಅನ್ನೋ ಟೂಲ್‌ನಿಂದ ನೀವೇ ಬಿಲ್ಡ್ ಮಾಡ್ಕೋಬೋದು. ಫಿಸಿಕ್ಸ್ ಯಾಕೆ ಹಿಂಗೆ ವಿಚಿತ್ರವಾಗಿ ಆಡ್ತಿದೆ ಅಂತ ಫೋರಂನಲ್ಲಿ ಕೇಳಿ ಕಾಯೋ ಬದ್ಲು ಆ ಫಂಕ್ಷನ್ ತೆಗೆದು ಓದೋದು ಇದ್ಯಲ್ಲ, ಅದ್ರಿಂದ ಕಲಿಯೋದು ಯಾವ ಟ್ಯುಟೋರಿಯಲ್‌ನಿಂದಲೂ ಸಿಗಲ್ಲ.

ಇದಕ್ಕೆ ನಾನು ಇಷ್ಟು ಬೆಲೆ ಕೊಡೋದಕ್ಕೆ ಕಾರಣ ಇದೆ. ಇವತ್ತು ನಾವು ಆಡೋ ಗೇಮ್‌ಗಳ ಎಷ್ಟೋ ಜಾತಿಗಳು ಹುಟ್ಟಿದ್ದೇ ಹಿಂಗೆ ಬಿಚ್ಚಿ ನೋಡೋಕೆ ಬಿಟ್ಟಿದ್ದರಿಂದ. 1993ರ ಡಿಸೆಂಬರ್‌ನಲ್ಲಿ ಡೂಮ್ ಅನ್ನೋ ಶೂಟಿಂಗ್ ಗೇಮ್ ಬಂದಾಗ ಐಡಿ ಸಾಫ್ಟ್‌ವೇರ್ ಮಾಡಿದ ದೊಡ್ಡ ಕೆಲಸ ಅಂದ್ರೆ ಗೇಮ್‌ನ ಮ್ಯಾಪ್, ಚಿತ್ರ, ಸೌಂಡ್ ಎಲ್ಲಾನೂ ವ್ಯಾಡ್ ಅನ್ನೋ ಫೈಲ್‌ನಲ್ಲಿ ಇಂಜಿನ್‌ನಿಂದ ಬೇರೆ ಇಟ್ಟಿದ್ದು, ಯಾಕಂದ್ರೆ ಅದಕ್ಕೂ ಮುಂಚೆ ವುಲ್ಫೆನ್‌ಸ್ಟೈನ್ 3ಡಿ ಫೈಲ್‌ಗಳನ್ನ ಜನ ಕಷ್ಟಪಟ್ಟು ತಿದ್ತಿದ್ದಿದ್ದನ್ನ ಐಡಿಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ನೋಡಿದ್ರು. 1994ರ ಶುರುವಿನಲ್ಲೇ ಡಿಇಯು ಅನ್ನೋ ಲೆವೆಲ್ ಎಡಿಟರನ್ನ ಹೊರಗಿನ ಜನಾನೇ ಬರೆದ್ರು, ಕಂಪನಿ ಕೊಟ್ಟಿದ್ದಲ್ಲ. ಆಮೇಲೆ 1996ರ ಫೈನಲ್ ಡೂಮ್‌ನಲ್ಲಿರೋ ಎವಿಲ್ಯೂಷನ್ ಭಾಗ ಪೂರ್ತಿ ಫ್ಯಾನ್ ತಂಡದ್ದು, ಅದನ್ನ ಐಡಿ ಕೊಂಡ್ಕೊಂಡು ಅಂಗಡಿಗೆ ತಂತು. ಅದೇ ವರ್ಷ ಕ್ವೇಕ್ ಬಂತು, ಅದ್ರ ಗೇಮ್ ಲಾಜಿಕ್ ಬರೆದಿದ್ದ ಕ್ವೇಕ್‌ಸಿ ಕೋಡ್ ಎಲ್ರಿಗೂ ಸಿಕ್ತು, ಅದ್ರಿಂದ ಟೀಮ್ ಫೋರ್ಟ್ರೆಸ್ ಹುಟ್ತು, ಅದನ್ನ ಮಾಡಿದ ಹುಡುಗ್ರನ್ನ ವಾಲ್ವ್ ಅನ್ನೋ ಗೇಮ್ ಕಂಪನಿ ಕೆಲ್ಸಕ್ಕೆ ಕರ್ಕೊಂತು, ವಾಲ್ವ್‌ನ ಹಾಫ್ ಲೈಫ್ ಓಡಿದ್ದೇ ಕ್ವೇಕ್ ಇಂಜಿನ್ ತಿದ್ದಿ ಮಾಡ್ಕೊಂಡಿದ್ದರ ಮೇಲೆ, ಅದ್ರ ಮೇಲೆ ಮಿನ್ ಲೀ ಮತ್ತೆ ಜೆಸ್ ಕ್ಲಿಫ್ 1999ರಲ್ಲಿ ಕೌಂಟರ್ ಸ್ಟ್ರೈಕ್ ಅನ್ನೋ ಮಾಡ್ ಬಿಟ್ರು, ಅದನ್ನೂ ವಾಲ್ವ್ ತಗೊಂಡು 2000ದಲ್ಲಿ ಪೂರ್ತಿ ಗೇಮ್ ಆಗಿ ಮಾರ್ತು. ಇನ್ನೊಂದು ಕಡೆ ವಾರ್‌ಕ್ರಾಫ್ಟ್ 3ರ ಜೊತೆ ಬಂದ ವರ್ಲ್ಡ್ ಎಡಿಟರ್‌ನಿಂದ ಡೋಟಾ, ಡೋಟಾದಿಂದ ಲೀಗ್ ಆಫ್ ಲೆಜೆಂಡ್ಸ್. ಆರ್ಮಾದ ಮಾಡ್‌ಗಳಿಂದ ಡೇಜ಼ೀ, ಮುಂದೆ ಪಬ್‌ಜಿ. ಇಷ್ಟೆಲ್ಲಾ ಐಡಿಯಾಗಳಲ್ಲಿ ಯಾವ್ದನ್ನೂ ಒಂದು ದೊಡ್ಡ ಸ್ಟುಡಿಯೋ ಮೀಟಿಂಗ್‌ನಲ್ಲಿ ಕೂತು ಯೋಚಿಸಿರ್ಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ ನೋಡಿ. ವಾರ್‌ಕ್ರಾಫ್ಟ್ 3 ಇಂಜಿನ್ ಯಾವತ್ತೂ ಓಪನ್ ಸೋರ್ಸ್ ಆಗಿರ್ಲಿಲ್ಲ, ಆರ್ಮಾ ಕೂಡ ಇರ್ಲಿಲ್ಲ. ಫ್ಯಾಕ್ಟೋರಿಯೋ ಅನ್ನೋ ಗೇಮೂ ಅಷ್ಟೇ, ಇಂಜಿನ್ ಕ್ಲೋಸ್ಡ್, ಆದ್ರೆ ಆ ಗೇಮ್‌ನ ಸ್ವಂತ ಕಂಟೆಂಟ್ ಎಲ್ಲಾ ಬೇಸ್ ಅನ್ನೋ ಹೆಸರಿನ ಒಂದು ಮಾಡ್, ಲುವಾ ಅನ್ನೋ ಚಿಕ್ಕ ಸ್ಕ್ರಿಪ್ಟ್ ಭಾಷೇಲಿ ಬರೆದಿದ್ದು, ಎಲ್ರೂ ಓದ್ಬೋದು. ಡೆವಲಪರ್‌ಗಳು ಹೋಗೋ ದಾರೀಲೇ ಮಾಡರ್‌ಗಳೂ ಹೋಗ್ತಾರೆ. 2024ರಲ್ಲಿ ಆ ಗೇಮ್‌ಗೆ ಬಂದ ಸ್ಪೇಸ್ ಏಜ್ ಅನ್ನೋ ಹೆಚ್ಚುವರಿ ಭಾಗ ಕೂಡ ಅದೇ ಮಾಡ್ ವ್ಯವಸ್ಥೆ ಮೇಲೆ ನಿಂತಿದೆ, ಮತ್ತೆ ಸ್ಪೇಸ್ ಎಕ್ಸ್‌ಪ್ಲೊರೇಶನ್ ಅನ್ನೋ ದೊಡ್ಡ ಮಾಡ್ ಬರೆದವ್ರನ್ನೇ ಆ ತಂಡ ಒಳಗೆ ಸೇರಿಸ್ಕೊಂಡು ಅದನ್ನ ಮಾಡ್ತು. ಅಂದ್ರೆ ಇಂಜಿನ್ ಓಪನ್ ಇರೋದು ಬೇರೆ, ಗೇಮ್ ಓಪನ್ ಇರೋದು ಬೇರೆ. ಗೊಡೊ ಮೊದಲ್ನೇದನ್ನ ಪೂರ್ತಿ ಕೊಡತ್ತೆ, ಆದ್ರೆ ಎಂಐಟಿ ಲೈಸೆನ್ಸ್ ಆಗಿರೋದ್ರಿಂದ ಆ ಓಪನ್‌ನೆಸ್ ಡೆವಲಪರ್ ಹತ್ರಾನೇ ನಿಂತು ಬಿಡತ್ತೆ. ಇಂಜಿನ್ ತಿದ್ದಿ, ಗೇಮ್ ಮಾಡಿ, ಎಲ್ಲಾನೂ ಮುಚ್ಚಿ ಮಾರ್ಬೋದು, ಯಾರೂ ಏನೂ ಕೇಳೋ ಹಾಗಿಲ್ಲ. ಡೂಮ್ ಸೋರ್ಸ್ 1997ರಲ್ಲಿ ಹೊರಗೆ ಬಂದು 1999ರಲ್ಲಿ ಜಿಪಿಎಲ್ ಆಯ್ತು, ಅಂದ್ರೆ ತಿದ್ದಿ ಹಂಚಿದ್ರೆ ತಿದ್ದಿದ ಕೋಡನ್ನೂ ಕೊಡ್ಬೇಕು ಅನ್ನೋ ಲೈಸೆನ್ಸ್, ಅದ್ರಿಂದ ಬೆಳೆದ ಜಿಜ಼ೆಡ್‌ಡೂಮ್ ಇಂಜಿನ್ ಕಥೆ ಬೇರೆ. 2024ರಲ್ಲಿ ಸೆಲಾಕೋ ಅನ್ನೋ ಗೇಮ್ ಅದ್ರ ಮೇಲೇ ಬಂದು ದುಡ್ಡಿಗೆ ಮಾರಾಟ ಆಗ್ತಿದೆ, ಚಿತ್ರ ಸೌಂಡ್ ಎಲ್ಲಾ ಅವ್ರ ಸ್ವಂತ, ಆದ್ರೆ ಇಂಜಿನ್‌ನಲ್ಲಿ ಮಾಡಿದ ಬದಲಾವಣೆ ಆಟಗಾರನಿಗೂ ಸಿಗ್ಬೇಕು ಅಂತ ಲೈಸೆನ್ಸೇ ಹೇಳತ್ತೆ. ಗೊಡೊ ಈ ದಾರಿ ಹಿಡಿದಿದ್ರೆ ಎಷ್ಟೋ ಸ್ಟುಡಿಯೋಗಳು ಹತ್ರಾನೂ ಬರ್ತಿರ್ಲಿಲ್ಲ ಅನ್ನೋದು ನಿಜ, ಎಂಐಟಿ ಆಯ್ಕೆ ಸರೀನೇ ಅಂತ ನಾನೂ ಒಪ್ತೀನಿ. ಆದ್ರೆ ಅದ್ರ ಪರಿಣಾಮ ಏನು ಅಂತ ತಿಳ್ಕೊಂಡಿರ್ಬೇಕು. ಇಲ್ಲಿ ಮನೆ ಕಟ್ಟೋ ಸಾಮಾನೆಲ್ಲಾ ಪುಕ್ಕಟೆ, ಆದ್ರೆ ಬೇರೆಯವ್ರು ಒಳಗೆ ಬರೋಕೆ ಬಾಗ್ಲು ಇಡೋದು ಬಿಡೋದು ನಿಮ್ಗೆ ಸೇರಿದ್ದು.

ಹಂಗಾದ್ರೆ ಗೊಡೊದಲ್ಲಿ ಬಾಗ್ಲು ಇಡೋದು ಎಷ್ಟು ಸುಲಭ? ಮೊದಲ್ನೇ ಹೆಜ್ಜೆ ತುಂಬಾನೇ ಸುಲಭ. ಎಕ್ಸ್‌ಪೋರ್ಟ್ ಮಾಡಿದ, ಅಂದ್ರೆ ಆಟಗಾರ್ರಿಗೆ ಕೊಡೋಕೆ ರೆಡಿ ಮಾಡಿದ ಗೇಮ್‌ನ ಡೇಟಾ ಎಲ್ಲಾ ಪಿಸಿಕೆ ಅನ್ನೋ ಒಂದು ಪ್ಯಾಕ್ ಫೈಲ್‌ನಲ್ಲಿ ಕೂರತ್ತೆ, ಡೂಮ್‌ನ ವ್ಯಾಡ್‌ಗೆ ಮೊಮ್ಮಗ ಅನ್ನಿ. ಗೇಮ್ ಶುರುವಾದ ಮೇಲೆ ಲೋಡ್ ರಿಸೋರ್ಸ್ ಪ್ಯಾಕ್ ಅನ್ನೋ ಒಂದೇ ಫಂಕ್ಷನ್ ಕರೆದ್ರೆ ಇನ್ನೊಂದು ಪಿಸಿಕೆ ಅಥ್ವಾ ಜಿಪ್ ಬಂದು ಇದ್ರ ಮೇಲೆ ಕೂರತ್ತೆ, ಒಂದೇ ಪಾತ್‌ನಲ್ಲಿ ಎರಡು ಫೈಲ್ ಇದ್ರೆ ಹೊಸದು ಗೆಲ್ಲತ್ತೆ. ಡಿಎಲ್‌ಸಿ (ಆಮೇಲೆ ಬರೋ ಹೆಚ್ಚುವರಿ ಕಂಟೆಂಟ್), ಪ್ಯಾಚ್, ಮಾಡ್ ಮೂರಕ್ಕೂ ಇದೇ ಸಾಕು ಅನ್ಸತ್ತೆ. ಕಷ್ಟ ಶುರುವಾಗೋದು ಎರಡನೇ ಮಾಡ್ ಬಂದಾಗ. ಇಬ್ರು ಮಾಡರ್‌ಗಳು ಒಂದೇ ಸ್ಕ್ರಿಪ್ಟ್ ಬದಲಾಯಿಸಿದ್ರೆ ಒಬ್ರ ಕೆಲ್ಸ ಇನ್ನೊಬ್ರದ್ದನ್ನ ಪೂರ್ತಿ ನುಂಗಿ ಹಾಕತ್ತೆ. ಯಾವ್ದು ಮೊದ್ಲು ಲೋಡ್ ಆಗ್ಬೇಕು, ಯಾವ ಮಾಡ್‌ಗೆ ಯಾವ್ದು ಬೇಕು, ಗೇಮ್ ವರ್ಷನ್ ಬದಲಾದ್ರೆ ಏನು ಮಾಡ್ಬೇಕು, ಇದ್ಯಾವುದಕ್ಕೂ ಇಂಜಿನ್ ಕಡೆಯಿಂದ ವ್ಯವಸ್ಥೆ ಇಲ್ಲ. ಈ ಜಾಗ ತುಂಬಿದ್ದು ಸಮುದಾಯ. ಗೊಡೊ ಮಾಡ್ ಲೋಡರ್ ಅನ್ನೋ ಓಪನ್ ಸೋರ್ಸ್ ಪ್ರಾಜೆಕ್ಟ್ ಇದೆ, ಮೂಲ ಸ್ಕ್ರಿಪ್ಟನ್ನ ಅಳಿಸದೆ ಅದ್ರ ಮೇಲೆ ಒಂದೊಂದೇ ಪದರ ಹಾಕೋ ಥರ ಮಾಡ್‌ಗಳನ್ನ ಸಾಲಾಗಿ ಜೋಡಿಸತ್ತೆ, ಪ್ರತಿ ಮಾಡ್‌ಗೂ ಅದ್ರ ಹೆಸರು ವರ್ಷನ್ನು ಬೇಕಾದ ಬೇರೆ ಮಾಡ್‌ಗಳು ಎಲ್ಲಾ ಬರೆದಿರೋ ಮ್ಯಾನಿಫೆಸ್ಟ್ ಕೇಳತ್ತೆ. ಗೊಡೊದಲ್ಲಿ ಮಾಡಿದ ಬ್ರೊಟಾಟೋ ಗೇಮ್‌ಗೆ ಸ್ಟೀಮ್ ವರ್ಕ್‌ಶಾಪ್‌ನಲ್ಲಿ (ಸ್ಟೀಮ್ ಗೇಮ್ ಅಂಗಡಿಯ ಮಾಡ್ ಹಂಚೋ ಜಾಗ) ಮಾಡ್‌ಗಳು ಬಂದಿದ್ದು ಈ ದಾರೀಲೇ. ಇಷ್ಟು ಮುಖ್ಯವಾದ ಕೆಲ್ಸ ಹೊರಗಿನವ್ರ ಹೆಗಲ ಮೇಲಿದೆ ಅನ್ನೋದು ನನಗೆ ಸರಿ ಕಾಣಲ್ಲ.

ಸಿ ಶಾರ್ಪ್‌ನಲ್ಲಿ ಮಾಡಿದ ಗೇಮ್‌ಗಳ ಕಥೆ ಸ್ವಲ್ಪ ಬೇರೆ, ಅಲ್ಲಿ ಡಾಟ್‌ನೆಟ್ ಲೋಕದ ಹಾರ್ಮನಿ ಥರ ಗೇಮ್ ಓಡ್ತಿರೋವಾಗ್ಲೇ ಅದ್ರ ಕೋಡ್ ತಿದ್ದೋ ಪ್ಯಾಚಿಂಗ್ ಲೈಬ್ರರಿಗಳು ಮೊದ್ಲಿಂದ್ಲೇ ಇವೆ, ಯೂನಿಟಿ ಗೇಮ್‌ಗಳನ್ನ ಮಾಡ್ ಮಾಡ್ತಿದ್ದೋರಿಗೆ ಅದು ಹಳೇ ಪರಿಚಯ. ಸ್ಲೇ ದ ಸ್ಪೈರ್ 2 ಅನ್ನ ಅದ್ರ ತಂಡ ಯೂನಿಟಿ ಬಿಟ್ಟು ಗೊಡೊಗೆ ತಂದಿದ್ದು ಮಾಡಿಂಗ್ ದೃಷ್ಟಿಯಿಂದ ನನಗೆ ತುಂಬಾ ಮುಖ್ಯ ಅನ್ಸತ್ತೆ, ಮೊದಲ್ನೇ ಭಾಗಕ್ಕೆ ಜಾವಾದಲ್ಲಿ ಮಾಡ್‌ದಸ್ಪೈರ್, ಬೇಸ್‌ಮಾಡ್ ಅಂತ ಅಷ್ಟು ದೊಡ್ಡ ಮಾಡ್ ಪ್ರಪಂಚಾನೇ ಬೆಳೆದಿತ್ತು.

ಈಗ ನನಗೆ ನಿಜವಾಗ್ಲೂ ಚಿಂತೆ ಇರೋ ವಿಷಯ. ಗೊಡೊದಲ್ಲಿ ಮಾಡ್‌ಗಳಿಗೆ ಸ್ಯಾಂಡ್‌ಬಾಕ್ಸ್ ಇಲ್ಲ, ಅಂದ್ರೆ ಹೊರಗಿನ ಕೋಡನ್ನ ಒಂದು ಬೇಲಿಯೊಳಗೇ ಇಡೋ ವ್ಯವಸ್ಥೆ ಇಲ್ಲ. ಒಬ್ರು ಬರೆದ ಜಿಡಿಸ್ಕ್ರಿಪ್ಟ್ ಮಾಡನ್ನ ನಿಮ್ ಗೇಮ್ ಲೋಡ್ ಮಾಡ್ತು ಅಂದ್ರೆ ನಿಮ್ ಗೇಮ್‌ಗೆ ಏನೇನು ಮಾಡೋ ಹಕ್ಕಿದ್ಯೋ ಅದೆಲ್ಲಾ ಆ ಮಾಡ್‌ಗೂ ಇದೆ. ಫೈಲ್ ಓದ್ಬೋದು, ಅಳಿಸ್ಬೋದು, ಇಂಟರ್ನೆಟ್‌ಗೆ ಏನಾದ್ರೂ ಕಳಿಸ್ಬೋದು, ಓಎಸ್ ಎಕ್ಸಿಕ್ಯೂಟ್ ಕರೆದು ಬೇರೆ ಪ್ರೋಗ್ರಾಂ ಕೂಡ ಓಡಿಸ್ಬೋದು. ಇದಕ್ಕಿಂತ ಕಣ್ಣಿಗೆ ಬೀಳದ ಅಪಾಯ ಇನ್ನೊಂದಿದೆ: ಟಿರೆಸ್ ಅನ್ನೋ ರಿಸೋರ್ಸ್ ಫೈಲ್ ನೋಡೋದಕ್ಕೆ ಬರೀ ಡೇಟಾ ಥರ ಕಂಡ್ರೂ ಅದ್ರೊಳಗೆ ಸ್ಕ್ರಿಪ್ಟ್ ಅಡಗಿಸ್ಬೋದು, ಲೋಡ್ ಮಾಡಿದ ಕ್ಷಣ ಅದು ಓಡತ್ತೆ. ಎಷ್ಟೋ ಟ್ಯುಟೋರಿಯಲ್‌ಗಳು ಸೇವ್ ಫೈಲನ್ನೇ ಹಿಂಗೆ ರಿಸೋರ್ಸ್ ಆಗಿ ಉಳಿಸೋದು ಹೇಳ್ಕೊಡ್ತಾರೆ, ಆಟಗಾರ್ರು ಒಬ್ರಿಗೊಬ್ರು ಸೇವ್ ಫೈಲ್ ಕಳ್ಸೋ ಗೇಮ್‌ನಲ್ಲಿ ಇದು ದೊಡ್ಡ ತೂತು. ದಯವಿಟ್ಟು ಹೊರಗಿನಿಂದ ಬರೋ ಯಾವ ಡೇಟಾಗೂ ಜೆಸನ್ (ಬರೀ ಡೇಟಾ ಇಡೋ ಟೆಕ್ಸ್ಟ್ ಫಾರ್ಮ್ಯಾಟ್) ಬಳಸಿ, ಒಳಗಿರೋ ಪ್ರತಿ ವ್ಯಾಲ್ಯೂನೂ ಚೆಕ್ ಮಾಡಿ ತಗೊಳ್ಳಿ.

ಇದನ್ನ ಸರಿಯಾಗಿ ಮಾಡೋದು ಸಾಧ್ಯ ಇಲ್ವಾ ಅಂದ್ರೆ, ಇದೆ. ಲುಆಂಟಿ ನೋಡಿ, 2024ರ ಅಕ್ಟೋಬರ್‌ವರೆಗೂ ಮೈನ್‌ಟೆಸ್ಟ್ ಅಂತ ಹೆಸರಿತ್ತು. ಅದೂ ಓಪನ್ ಸೋರ್ಸ್, 2010ರಿಂದ ಇದೆ, ಒಳಗೆ ಸಿ ಪ್ಲಸ್ ಪ್ಲಸ್, ಮೇಲೆ ಲುವಾ. ಅದು ಗೇಮೇ ಅಲ್ಲ, ಗೇಮ್ ಅಂದ್ರೆ ಅಲ್ಲಿ ಮಾಡ್‌ಗಳ ಒಂದು ಗುಂಪು ಅಷ್ಟೇ. ಮಾಡ್ ಕೋಡ್ ಓಡೋದು ಸರ್ವರ್‌ನಲ್ಲಿ, ಆಟಗಾರ ಸೇರ್ಕೊಂಡಾಗ ಬೇಕಾದ ಚಿತ್ರ ಸೌಂಡ್ ತಾನಾಗೇ ಬರತ್ತೆ, ಅವನು ಏನೂ ಇನ್‌ಸ್ಟಾಲ್ ಮಾಡ್ಬೇಕಿಲ್ಲ. ಮಾಡ್ ಸೆಕ್ಯುರಿಟಿ ಅನ್ನೋದು ಮೊದ್ಲಿಂದ್ಲೇ ಆನ್ ಇರತ್ತೆ, ಸಿಕ್ಕ ಸಿಕ್ಕ ಫೋಲ್ಡರ್ ಮುಟ್ಟೋಕೆ ಬಿಡಲ್ಲ. ಕಂಟೆಂಟ್‌ಡಿಬಿ ಅಂತ ಮಾಡ್ ಸಂಗ್ರಹ ಮೆನುವಿನಲ್ಲೇ ಇದೆ. ಬ್ಲಾಕ್ ಪ್ರಪಂಚದ ಆಟಕ್ಕೆ ಮಾತ್ರ ಒಗ್ಗೋ ಇಂಜಿನ್ ಅದು, ಗೊಡೊ ಜೊತೆ ಸೀದಾ ಹೋಲಿಸೋದು ನ್ಯಾಯ ಅಲ್ಲ, ಆದ್ರೆ ಮಾಡ್ ಬರೆಯೋನನ್ನ ಮೊದಲ ದಿನದಿಂದ್ಲೇ ಲೆಕ್ಕಕ್ಕೆ ತಗೊಂಡ್ರೆ ಇಂಜಿನ್ ಹೆಂಗಿರತ್ತೆ ಅನ್ನೋದು ಅಲ್ಲಿ ಕಾಣತ್ತೆ.

ಗೊಡೊದಲ್ಲಿ ಗೇಮ್ ಮಾಡ್ತಿರೋರಿಗೆ, ಮಾಡ್ ಸಪೋರ್ಟ್ ಕೊನೇಲಿ ಸೇರಿಸೋಣ ಅಂತ ಬಿಡ್ಬೇಡಿ. ಶತ್ರುಗಳು, ಆಯುಧಗಳು, ಲೆವೆಲ್‌ಗಳು ಇವನ್ನ ಕೋಡ್ ಒಳಗೆ ಬರೀದೆ ಒಂದು ಫೋಲ್ಡರ್‌ನಿಂದ ಓದೋ ಹಾಗೆ ಮಾಡಿ, ನಿಮ್ ಸ್ವಂತ ಕಂಟೆಂಟ್ ಕೂಡ ಅದೇ ದಾರೀಲಿ ಬರ್ಲಿ, ಆವಾಗ ದಾರಿ ಕೆಟ್ರೆ ಮೊದ್ಲು ಗೊತ್ತಾಗೋದು ನಿಮ್ಗೇ. ಪ್ರತಿಯೊಂದಕ್ಕೂ ಬದಲಾಗದ ಐಡಿ ಕೊಡಿ. ಮುಖ್ಯ ಘಟನೆಗಳಲ್ಲೆಲ್ಲಾ, ಉದಾಹರಣೆಗೆ ಡ್ಯಾಮೇಜ್ ಲೆಕ್ಕ ಹಾಕೋವಾಗ, ಅಂಗಡಿ ತೆರೆಯೋವಾಗ, ಒಂದೊಂದು ಸಿಗ್ನಲ್ ಬಿಡಿ, ಮಾಡರ್ ಅದಕ್ಕೆ ಬಂದು ಕೂತ್ಕೋತಾನೆ, ನಿಮ್ ಸ್ಕ್ರಿಪ್ಟ್ ಒಡೆಯಲ್ಲ. ಪಿಸಿಕೆ ಎನ್‌ಕ್ರಿಪ್ಟ್ ಮಾಡಿ ಎಲ್ಲಾ ಭದ್ರ ಅಂತ ಅಂದ್ಕೊಳ್ಳೋದು ಬೇಡ, ಕೀ ಇರೋದು ಗೇಮ್‌ನ ಬೈನರಿ (ಓಡೋ ಪ್ರೋಗ್ರಾಂ ಫೈಲ್) ಒಳಗೇ, ಮತ್ತೆ ಜಿಡಿಆರ್‌ಇ ಟೂಲ್ಸ್ ಥರದ್ದು ಪ್ಯಾಕ್‌ನಿಂದ ಪ್ರಾಜೆಕ್ಟನ್ನೇ ವಾಪಸ್ ಎತ್ತಿ ಕೊಡತ್ತೆ. ಬಿಚ್ಚೋರು ಹೆಂಗಿದ್ರೂ ಬಿಚ್ತಾರೆ, ಅವ್ರಿಗೆ ನೀವೇ ನಾಲ್ಕು ಪುಟ ಡಾಕ್ಯುಮೆಂಟೇಶನ್ ಬರೆದು ಕೊಟ್ರೆ ನಿಮ್ ಗೇಮ್ ಆಯಸ್ಸು ಹೆಚ್ಚಾಗತ್ತೆ. 2002ರ ಮಾರೋವಿಂಡನ್ನ ಇವತ್ತೂ ಹೊಸ ಕಂಪ್ಯೂಟರ್‌ಗಳಲ್ಲಿ ಚೆನ್ನಾಗಿ ಆಡ್ಬೋದು ಅಂದ್ರೆ ಅದಕ್ಕೆ ಓಪನ್‌ಎಮ್‌ಡಬ್ಲ್ಯೂ ಅಂತ ಇಂಜಿನ್ನನ್ನೇ ಶುರುವಿಂದ ಮತ್ತೆ ಬರೆದ ಸ್ವಯಂಸೇವಕರು ಕಾರಣ, ಅಷ್ಟು ವರ್ಷ ಅವ್ರನ್ನ ಹಿಡಿದಿಟ್ಟಿದ್ದು ಆ ಗೇಮ್ ಜೊತೆ ಕೊಟ್ಟಿದ್ದ ಕನ್‌ಸ್ಟ್ರಕ್ಷನ್ ಸೆಟ್‌ನಿಂದ ಹುಟ್ಟಿದ ಮಾಡ್‌ಗಳು ಅಂತ ನನ್ನ ನಂಬಿಕೆ.

ದುಡ್ಡಿನ ವಿಷ್ಯಕ್ಕೆ ಬಂದ್ರೆ, 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ರನ್‌ಟೈಮ್ ಫೀ ಅಂತ, ಅಂದ್ರೆ ಗೇಮ್ ಇನ್‌ಸ್ಟಾಲ್ ಆದಷ್ಟು ಸಲ ಶುಲ್ಕ ಅಂತ ಘೋಷಣೆ ಮಾಡಿದಾಗ ಏನಾಯ್ತು ಎಲ್ರಿಗೂ ನೆನಪಿದೆ. ಒಂದು ವರ್ಷ ಆದ್ಮೇಲೆ ಅದನ್ನ ರದ್ದು ಮಾಡಿದ್ರು, ಆದ್ರೆ ಅಷ್ಟರಲ್ಲಿ ಟೆರಾರಿಯಾ ಮಾಡಿದ ರೀ-ಲಾಜಿಕ್ ಗೊಡೊಗೂ ಎಫ್‌ಎನ್‌ಎ ಅನ್ನೋ ಇನ್ನೊಂದು ಓಪನ್ ಸೋರ್ಸ್ ಗೇಮ್ ಟೂಲ್‌ಗೂ ತಲಾ 1 ಲಕ್ಷ ಡಾಲರ್ ಕೊಟ್ಟಾಗಿತ್ತು. ಗೊಡೊದಲ್ಲಿ ಇಂಥದ್ದು ನಡೆಯೋಕೆ ಸಾಧ್ಯಾನೇ ಇಲ್ಲ, ನಿಮ್ ಕೈಲಿರೋ ವರ್ಷನ್‌ಗೆ ಸಿಕ್ಕಿರೋ ಲೈಸೆನ್ಸನ್ನ ಯಾರೂ ವಾಪಸ್ ತಗೊಳ್ಳೋಕಾಗಲ್ಲ. ಅನ್‌ರಿಯಲ್ ಸೋರ್ಸ್ ಕೂಡ ಓದೋಕೆ ಸಿಗತ್ತೆ, ಆದ್ರೆ ಅದು ಅವ್ರ ಕರಾರಿನ ಒಳಗೆ, 10 ಲಕ್ಷ ಡಾಲರ್ ದಾಟಿದ ಗಳಿಕೆ ಮೇಲೆ ರಾಯಲ್ಟಿನೂ ಇದೆ.

ಕೊರತೆಗಳು ಬೇಗ ಹೇಳ್ಬಿಡ್ತೀನಿ. ಕನ್ಸೋಲ್‌ಗೆ ಎಕ್ಸ್‌ಪೋರ್ಟ್ ಮಾಡೋ ಕೋಡ್ ಗೊಡೊ ಜೊತೆ ಬರಲ್ಲ, ಯಾಕಂದ್ರೆ ಕನ್ಸೋಲ್ ಕಂಪನಿಗಳ ಎಸ್‌ಡಿಕೆಗಳು (ಡೆವಲಪರ್ ಟೂಲ್‌ಗಳು) ಗೋಪ್ಯತೆ ಒಪ್ಪಂದದ ಕೆಳಗಿವೆ, ಓಪನ್ ಸೋರ್ಸ್ ಪ್ರಾಜೆಕ್ಟ್ ಅದನ್ನ ಹಂಚೋ ಹಾಗಿಲ್ಲ, ಡಬ್ಲ್ಯೂ4 ಗೇಮ್ಸ್ ಥರದ ಕಂಪನಿಗಳ ಹತ್ರ ಹೋಗ್ಬೇಕು. ಗೊಡೊ 4ರಲ್ಲಿ ಸಿ ಶಾರ್ಪ್ ಪ್ರಾಜೆಕ್ಟನ್ನ ವೆಬ್‌ಗೆ ಎಕ್ಸ್‌ಪೋರ್ಟ್ ಮಾಡಕ್ಕಾಗಲ್ಲ. ತುಂಬಾ ದೊಡ್ಡ 3ಡಿ ಪ್ರಪಂಚಕ್ಕೆ ಅನ್‌ರಿಯಲ್‌ನಲ್ಲಿ ಸಿದ್ಧವಾಗಿ ಸಿಗೋದು ಎಷ್ಟೋ ಇಲ್ಲಿ ನೀವೇ ಬರೀಬೇಕು. 2ಡಿ ಮಾಡೋರಿಗೆ ಈ ತಲೆನೋವು ಕಮ್ಮಿ.

ಯಾರಿಗೆ ಇದು? ಮಾಡ್ ಬರೆದು ಅಭ್ಯಾಸ ಇದ್ದು ಸ್ವಂತ ಗೇಮ್ ಮಾಡೋಣ ಅನ್ನೋರಿಗೆ ಕಣ್ಮುಚ್ಚಿ ಹೇಳ್ತೀನಿ, ತಗೊಳ್ಳಿ. ಕಲಿಯೋ ಮಕ್ಕಳಿಗೂ ಅಷ್ಟೇ, ಹಳೇ ಲ್ಯಾಪ್‌ಟಾಪ್‌ನಲ್ಲೂ ಕಂಪ್ಯಾಟಿಬಿಲಿಟಿ ರೆಂಡರರ್‌ನಲ್ಲಿ (ಹಳೇ ಗ್ರಾಫಿಕ್ಸ್‌ಗೂ ಒಗ್ಗೋ ಚಿತ್ರ ಬಿಡಿಸೋ ಮೋಡ್) ಓಡತ್ತೆ. ಆಟಗಾರ್ರು ತಾವೇ ಕಂಟೆಂಟ್ ಮಾಡಿ ಒಬ್ರಿಗೊಬ್ರು ಹಂಚ್ಕೊಳ್ಳೋದೇ ಮುಖ್ಯವಾಗಿರೋ ಗೇಮ್ ನಿಮ್ದಾದ್ರೆ ಗೊಡೊ ಮೇಲೆ ಲುವಾ ಥರದ್ದೊಂದನ್ನ ಸೇರಿಸಿ, ಹೊರಗಿನ ಕೋಡ್ ಅದ್ರೊಳಗೇ ಓಡೋ ಹಾಗೆ ಮಾಡೋ ಕೆಲ್ಸಕ್ಕೆ ಮೊದ್ಲೇ ಟೈಮ್ ಇಟ್ಕೊಂಡು ಶುರು ಮಾಡಿ. ನನ್ನ ಕಡೆಯಿಂದ 5ಕ್ಕೆ 4. ಜಿಡಿಸ್ಕ್ರಿಪ್ಟ್‌ಗೆ ಇಂಜಿನ್ ಒಳಗಿಂದ್ಲೇ ಒಂದು ಸ್ಯಾಂಡ್‌ಬಾಕ್ಸ್, ಜೊತೆಗೆ ಸ್ಕ್ರಿಪ್ಟ್ ಇದ್ರೆ ಲೋಡ್ ಮಾಡೋಕೆ ಒಪ್ಪದ ಒಂದು ರಿಸೋರ್ಸ್ ಲೋಡರ್, ಇವೆರಡು ಬಂದ ದಿನ ಉಳಿದ ಒಂದು ಅಂಕಾನೂ ಕೊಡ್ತೀನಿ.